ಕೂಲಿಯಿಲ್ಲದ ಅಂಚೆ

ಬಂಡೂರು ಅಂದರೆ ಜನಕ್ಕೆ ನೆನಪಾಗುವುದು ಕುರಿ. ಗಿಡ್ಡ ಕಾಲಿನ, ಮೈತುಂಬಿದ ಬಂಡೂರು ಕುರಿಯ ಮಾಂಸದ ರುಚಿ ಬೆಂಗಳೂರಿನವರೆಗೂ ಹೋಗಿದೆ. ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರಲ್ಲಿ ಒಂದು ತಳಿಯೇ ಇದೆ. ಪಶುವೈದ್ಯದ ಪುಸ್ತಕಗಳಲ್ಲಿ ಅದರ ಎತ್ತರ, ತೂಕ, ಬಣ್ಣ ಎಲ್ಲವನ್ನೂ ಬರೆದಿದ್ದಾರೆ. ಒಳ್ಳೆಯದೇ. ಆದರೆ ಇದೇ ಸೀಮೆಯಲ್ಲಿ ತಲೆತಲಾಂತರ ಊರಿಂದ ಊರಿಗೆ ಸುದ್ದಿ ಹೊತ್ತು ನಡೆದ ಮನುಷ್ಯರನ್ನು ಅಂಚೆಯ ಚರಿತ್ರೆಯಲ್ಲಿ ಹುಡುಕಿದರೆ ಒಂದು ಸಾಲು ಸಿಗುವುದೂ ಕಷ್ಟ. ಕುರಿಗಿರುವ ಲೆಕ್ಕ ನಮ್ಮ ಅಜ್ಜಂದಿರ ಕಾಲಿಗೆ ಇಲ್ಲ.

ಅಂಚೆ ಎನ್ನುವ ಮಾತಿಗೆ ಹಳಗನ್ನಡದಲ್ಲಿ ಹಂಸ ಎಂಬ ಅರ್ಥವಿದೆ. ನಳನಿಗೂ ದಮಯಂತಿಗೂ ನಡುವೆ ಸುದ್ದಿ ಒಯ್ದದ್ದು ಹಂಸ. ಕಾಳಿದಾಸನ ಯಕ್ಷ ಹೆಂಡತಿಗೆ ಸುದ್ದಿ ಕಳಿಸಲು ಹಿಡಿದದ್ದು ಮೋಡವನ್ನು. ನಾವು ಸ್ಕೂಲಿನಲ್ಲಿ ಇವನ್ನೆಲ್ಲ ಓದಿ ಪರೀಕ್ಷೆ ಬರೆದಿದ್ದೇವೆ. ಹಕ್ಕಿಯನ್ನು, ಮೋಡವನ್ನು ದೂತನನ್ನಾಗಿ ಮಾಡಿದ ಕವಿಗಳಿಗೆ ಊರಾಚೆಯ ಕೇರಿಯಿಂದ ಕಂಬಳಿ ಹೊದ್ದು, ಕೋಲು ಹಿಡಿದು, ಬರಿಗಾಲಲ್ಲಿ ಹೊರಟ ತೋಟಿ ಕಾಣಲಿಲ್ಲ. ಹಂಸಕ್ಕೆ ಮೈಲಿಗೆ ಇಲ್ಲ, ಮೋಡಕ್ಕೆ ಹೊಟ್ಟೆ ಇಲ್ಲ. ಅವುಗಳ ಮೇಲೆ ಪದ್ಯ ಕಟ್ಟುವುದು ಸುಲಭ. ತೋಟಿಯ ಮೇಲೆ ಕಟ್ಟಿದರೆ ಅವನಿಗೆ ಕೂಲಿ ಎಷ್ಟು ಕೊಟ್ಟಿರಿ ಎಂದು ಯಾರಾದರೂ ಕೇಳಿಬಿಡುತ್ತಾರೆ.

ನಾವೀಗ ಅದನ್ನೇ ಕೇಳುತ್ತಿದ್ದೇವೆ.

ಮೊದಲು ಅರಮನೆಯ ಕಡೆಯಿಂದ ಬರೋಣ. ಮೈಸೂರು ಸೀಮೆಯಲ್ಲಿ ಅಂಚೆಯನ್ನು ವ್ಯವಸ್ಥೆಯಾಗಿ ಕಟ್ಟಿದವನು ಚಿಕ್ಕದೇವರಾಜ ಒಡೆಯ ಎಂದು ಚರಿತ್ರೆ ಹೇಳುತ್ತದೆ. ಅದು 1670ರ ದಶಕದ ಮಾತು. ಯುರೋಪಿನವರು ಇಲ್ಲಿ ಬಂದು ಡಾಕು ಕಟ್ಟುವುದಕ್ಕೆ ನೂರು ವರ್ಷ ಮುಂಚೆಯೇ ನಮ್ಮಲ್ಲಿ ಅಂಚೆ ಇತ್ತು ಎಂದು ಹೆಮ್ಮೆಪಡುವವರಿದ್ದಾರೆ. ಪಡಲಿ. ಆದರೆ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಆ ಅಂಚೆಯ ಇನ್ನೊಂದು ಮುಖವನ್ನೂ ಬರೆದಿದ್ದಾನೆ. ಅಂಚೆಯ ಅಧಿಕಾರಿಗಳು ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟನ್ನು ರಾಜನ ಕಿವಿಗೆ ಮುಟ್ಟಿಸುತ್ತಿದ್ದರು. ಯಾರು ಯಾರ ಮನೆಗೆ ಹೋದರು, ಯಾರು ಏನು ಆಡಿದರು ಎಂಬುದೂ ಟಪಾಲಿನ ಜೊತೆ ಶ್ರೀರಂಗಪಟ್ಟಣ ಸೇರುತ್ತಿತ್ತು. ಹೈದರಾಲಿ ಈ ಪದ್ಧತಿಯನ್ನು ಇನ್ನಷ್ಟು ಬಿಗಿಮಾಡಿಕೊಂಡ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅಂಚೆ ದಿವಾನ್ ಪೂರ್ಣಯ್ಯನ ಕೈಗೆ ಬಂತು. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲೂ ಮೈಸೂರು ಅಂಚೆ ಬೇರೆಯಾಗಿಯೇ ನಡೆಯಿತು. 1889ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿಸಿಬಿಟ್ಟರು.

ಇದು ರಾಜರ ಅಂಚೆಯ ಕಥೆ. ಓಟದ ಆಳು ಗೆಜ್ಜೆ ಕಟ್ಟಿದ ಭರ್ಜಿ ಹಿಡಿದು ಓಡುತ್ತಿದ್ದ, ಹುಲಿ ಚಿರತೆಗೆ ಗೆಜ್ಜೆಯೇ ಎಚ್ಚರಿಕೆ ಎಂದೆಲ್ಲ ಓದಲು ಚೆನ್ನಾಗಿರುತ್ತದೆ. ಅವನ ಕೆಲಸವೂ ಸಣ್ಣದಲ್ಲ. ಆದರೆ ಅವನಿಗೆ ಸಂಬಳವಿತ್ತು. ಅವನು ಓಡುತ್ತಿದ್ದದ್ದು ಗೊತ್ತಾದ ದಾರಿಯಲ್ಲಿ, ಒಂದು ಕಟ್ಟೆಯಿಂದ ಮತ್ತೊಂದು ಕಟ್ಟೆಗೆ. ಅವನ ಓಟ ಕಸಬೆಗೆ ನಿಲ್ಲುತ್ತಿತ್ತು. ಕಸಬೆಯಿಂದ ಆಚೆಗೆ, ಹೊಳೆಯಾಚೆಯ ಹಳ್ಳಿಗೆ, ಕಾಡಂಚಿನ ದೊಡ್ಡಿಗೆ, ಗುಡ್ಡದ ಮೇಲಿನ ನಾಲ್ಕು ಗುಡಿಸಿಲಿಗೆ ಸುದ್ದಿ ಹೇಗೆ ಹೋಗುತ್ತಿತ್ತು? ಚರಿತ್ರೆ ಬರೆಯುವವರು ಕಸಬೆಯಲ್ಲೇ ಕುದುರೆ ಇಳಿದುಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ ನಡೆಯಬೇಕಲ್ಲ!

ಅಲ್ಲಿಂದ ಮುಂದಕ್ಕೆ ನಡೆದವರು ನಮ್ಮವರು.

ಪ್ರತಿ ಊರಿಗೂ ತೋಟಿ ಇದ್ದ, ತಳವಾರ ಇದ್ದ, ಕುಳವಾಡಿ ಇದ್ದ. ಪಟೇಲ, ಶಾನುಭೋಗರು ಮೇಲೆ, ಇವರು ಕೆಳಗೆ. ತೋಟಿಕೆ, ಕುಳವಾಡಿಕೆ ಹೆಚ್ಚಾಗಿ ಹೊಲಗೇರಿಯವರ ಪಾಲಿಗೆ ಬಂದದ್ದು. ಊರಿನ ಗಡಿ ಯಾವ ಕಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಕುಳವಾಡಿಯ ಮಾತೇ ಸಾಕ್ಷಿ ಎಂದು ಹಳೆಯ ಗೆಜೆಟಿಯರೇ ಒಪ್ಪುತ್ತದೆ. ಊರಿನ ಗಡಿ ಬಲ್ಲವನಿಗೆ ಊರಿನ ಒಳಗೆ ಮನೆ ಇಲ್ಲ, ಅದು ಬೇರೆ ಮಾತು. ಕಂದಾಯದ ಹಣದ ಗಂಟನ್ನು ತಾಲ್ಲೂಕು ಖಜಾನೆಗೆ ಹೊತ್ತವನು ಇವನು. ಶಾನುಭೋಗರ ಲೆಕ್ಕದ ಕಟ್ಟು ಹೊತ್ತವನು ಇವನು. ಅಮಲ್ದಾರರು ಬರುವ ಸುದ್ದಿ ತಂದವನು, ಬಂದ ಮೇಲೆ ಕುದುರೆಗೆ ಹುಲ್ಲು ತಂದವನು, ಹೋದ ಮೇಲೆ ಸಗಣಿ ಬಾಚಿದವನು ಎಲ್ಲ ಇವನೇ. ಇದಕ್ಕೆ ಪ್ರತಿಯಾಗಿ ಒಂದಿಷ್ಟು ಇನಾಂ ಜಮೀನು, ಕಣದಲ್ಲಿ ಒಂದಿಷ್ಟು ಕಾಳು. ಕೇರಿಯಲ್ಲಿ ಹತ್ತು ಮನೆ ಇದ್ದರೆ ಸರದಿಯ ಮೇಲೆ ಚಾಕರಿ. ಸರದಿ ಬಂದ ವರ್ಷ ಆ ಮನೆಯ ಗಂಡಾಳಿಗೆ ಹಗಲಿಲ್ಲ, ರಾತ್ರಿಯಿಲ್ಲ.

ಇದು ಸರ್ಕಾರದ ಟಪಾಲು. ಇದರ ಜೊತೆಗೆ ಇನ್ನೊಂದು ಟಪಾಲಿತ್ತು. ಅದು ಗೌಡರ ಮನೆಯ ಖಾಸಗಿ ಟಪಾಲು. ಅದಕ್ಕೆ ದಫ್ತರವಿಲ್ಲ, ಮೊಹರಿಲ್ಲ, ಕಾಗದವೂ ಇಲ್ಲ. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಡೆಯಬೇಕು. ಅದೇ ಸಾವಿನ ಸುದ್ದಿ.

ಗೌಡರ ಮನೆಯಲ್ಲಿ ಯಾರಾದರೂ ಸತ್ತರೆ ಕೋಳಿ ಕೂಗುವ ಮೊದಲೇ ಕೇರಿಯ ಬಾಯಲ್ಲಿ ಕೂಗು ಕೇಳುತ್ತಿತ್ತು.

"ಲೇ, ದೊಡ್ಡಗೌಡ್ರು ಹೊಂಟೋದ್ರು ಕನ್ಲಾ. ಹಲಗೂರ್ ಕಡೀಕೆ ಒಬ್ಬ ಹೋಗ್ಲಿ. ಬನ್ನೂರ್ ಕಡೀಕೆ ಒಬ್ಬ. ಹೊಳೆ ಆಚೀಕೆ ಒಬ್ಬ. ಹೊತ್ತು ಮುಳ್ಗೋದ್ರೊಳ್ಗೆ ಮಣ್ಣು. ದಾರೀಲಿ ಕೂತ್ಗಬ್ಯಾಡಿ."

ಅಷ್ಟೇ ಅಪ್ಪಣೆ. ಯಾವ ಊರಿನಲ್ಲಿ ಗೌಡರ ಮಗಳು, ಯಾವ ಊರಿನಲ್ಲಿ ಬೀಗರು, ಯಾವ ದೊಡ್ಡಿಯಲ್ಲಿ ಅವರ ಸೋದರಮಾವ ಎಂದು ಬರೆದುಕೊಡುವವರಿರಲಿಲ್ಲ, ಬರೆದುಕೊಟ್ಟರೆ ಓದುವವರಿರಲಿಲ್ಲ. ಗೌಡರ ವಂಶವೆಲ್ಲ ನಮ್ಮ ತಾತಂದಿರ ತಲೆಯೊಳಗಿತ್ತು. ಮೂವತ್ತು ನಲವತ್ತು ಹಳ್ಳಿಗಳ ಬಂಧುಬಳಗ, ಅವರ ಮನೆಯ ದಿಕ್ಕು, ಮನೆ ಮುಂದಿನ ಮರ, ಕಚ್ಚುವ ನಾಯಿ ಯಾರ ಮನೆಯದು ಎಂಬುದು, ಎಲ್ಲ. ಇವತ್ತು ಪಿನ್‌ಕೋಡು ಮಾಡುವ ಕೆಲಸವನ್ನು ಅಕ್ಷರವಿಲ್ಲದ ಆ ತಲೆಗಳು ಮಾಡುತ್ತಿದ್ದವು. ಅಂಥವರನ್ನೇ 'ದಡ್ಡ ಹೊಲೇರು' ಎಂದು ಊರು ಕರೆಯುತ್ತಿತ್ತು.

ದಾರಿಯಾದರೂ ಎಂಥದು? ಮಳವಳ್ಳಿ ಬಿಟ್ಟು ಶಿಂಷಾ ದಾಟಿ ಹಲಗೂರು. ಹಲಗೂರಿನಿಂದ ತೆಂಕಣಕ್ಕೆ ಬಸವನಬೆಟ್ಟದ ಕಾಡು, ಮುತ್ತತ್ತಿಯ ಕಾಡು. 1987ರಲ್ಲಿ ಸರ್ಕಾರ ಕಾವೇರಿ ವನ್ಯಜೀವಿಧಾಮ ಎಂದು ಘೋಷಿಸಿದ ಕಾಡಿನಲ್ಲಿ ಇವೂ ಸೇರಿದವು. ಈಗ ಅಲ್ಲಿಗೆ ಜನ ಆನೆ ನೋಡಲು ಜೀಪು ಮಾಡಿಕೊಂಡು ಹೋಗುತ್ತಾರೆ. ನಮ್ಮವರು ಆನೆ ಕಾಣದಿರಲಿ ಎಂದು ದೇವರಿಗೆ ಕೈಮುಗಿದು ಹೋಗುತ್ತಿದ್ದರು. ಕೈಯಲ್ಲಿ ಪಂಜು, ಸೊಂಟದಲ್ಲಿ ರಾಗಿಮುದ್ದೆಯ ತುಣುಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಬೇಕು, ಲದ್ದಿ ಬಿಸಿಯಿದೆಯೇ ಕಾಲಲ್ಲಿ ಮುಟ್ಟಿ ನೋಡಬೇಕು, ಕೆಮ್ಮು ಬಂದರೆ ಕಂಬಳಿಗೆ ಬಾಯಿಟ್ಟು ಕೆಮ್ಮಬೇಕು. ಒಬ್ಬನೇ ಹೋದವನು ಹಿಂದಕ್ಕೆ ಬರುವತನಕ ಅವನ ಹೆಂಡತಿ ಒಲೆ ಹಚ್ಚುತ್ತಿರಲಿಲ್ಲ. ಸತ್ತ ಗೌಡನಿಗೆ ಅಳುವವರು ನೂರು ಮಂದಿ. ಬದುಕಿರುವ ಗಂಡನಿಗಾಗಿ ಬಾಗಿಲಲ್ಲಿ ಕೂತು ಅಳುವವಳು ಇವಳೊಬ್ಬಳು.

ಇನ್ನು ಹೊಳೆಯಾಚೆ. ಕಾವೇರಿಯ ಆಚೆ ದಡ ಕೊಳ್ಳೇಗಾಲದ ಸೀಮೆ. 1956ರಲ್ಲಿ ರಾಜ್ಯಗಳನ್ನು ಮತ್ತೆ ವಿಂಗಡಿಸುವತನಕ ಕೊಳ್ಳೇಗಾಲ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ದಡದಲ್ಲಿ ಮೈಸೂರು ಮಹಾರಾಜರ ಸರ್ಕಾರ, ಆ ದಡದಲ್ಲಿ ಮದ್ರಾಸಿನ ಬ್ರಿಟಿಷ್ ಸರ್ಕಾರ. 1889ರ ತನಕ ಈ ದಡದಲ್ಲಿ ಒಂದು ಅಂಚೆ, ಆ ದಡದಲ್ಲಿ ಇನ್ನೊಂದು. ಆದರೆ ಹೆಣ್ಣು ಕೊಟ್ಟು ತಂದ ಸಂಬಂಧಗಳು ಹೊಳೆ ನೋಡಿ ನಿಲ್ಲುವುದಿಲ್ಲವಲ್ಲ. ಸರ್ಕಾರದ ಎರಡು ಅಂಚೆಗಳ ಲೆಕ್ಕ ಹೊಂದುವ ಮೊದಲೇ ನಮ್ಮವನು ಶಿವನಸಮುದ್ರದ ಕಲ್ಲುಕಂಬದ ಸೇತುವೆಯ ಮೇಲೋ, ಹರಿಗೋಲಿನಲ್ಲೋ, ಬೇಸಗೆಯಲ್ಲಿ ಬಂಡೆಯಿಂದ ಬಂಡೆಗೆ ಹಾರಿಯೋ ಆಚೆ ದಡ ಸೇರಿರುತ್ತಿದ್ದ.

ಸೇರಿದ ಮೇಲೆ? ಬೀಗರ ಊರಿನ ಒಳಗೆ ಚಪ್ಪಲಿ ಇದ್ದರೆ ಕಳಚಿ ಕೈಯಲ್ಲಿ ಹಿಡಿಯಬೇಕು. ಮನೆಯ ಮುಂದೆ ದೂರದಲ್ಲಿ ನಿಲ್ಲಬೇಕು. "ಅಡ್ಡಬಿದ್ದೆ ಬುದ್ಧಿ" ಅನ್ನಬೇಕು. ಅಂಗಳದಾಚೆ ನಿಂತವನ ಮುಖ ನೋಡಿದ ಕೂಡಲೇ ಮನೆಯ ಹೆಂಗಸರಿಗೆ ಅರ್ಥವಾಗಿ ಗೋಳು ಶುರುವಾಗುತ್ತಿತ್ತು. ಯಾಕೆಂದರೆ ಬೇರೆ ಊರಿನ ಹೊಲೆಯ ಬೆಳಿಗ್ಗೆಯೇ ಬಂದು ನಿಂತ ಎಂದರೆ ಅದು ಸಾವೇ. ಒಳ್ಳೆಯ ಸುದ್ದಿಗೆ ನಮ್ಮನ್ನು ಕಳಿಸುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಮದುವೆ ಕರೆಯಲು ಮನೆಯವರೇ ಅರಿಶಿನ ಕುಂಕುಮ, ಎಲೆ ಅಡಿಕೆ ಹಿಡಿದು ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಶುಭಕ್ಕೆ ನಂಟರು, ಅಶುಭಕ್ಕೆ ನಾವು. ಸುದ್ದಿ ಮುಟ್ಟಿಸಿದವನಿಗೆ ಬೊಗಸೆಗೆ ಮೇಲಿಂದ ಸುರಿದ ನೀರು. ಮನಸ್ಸಿದ್ದರೆ ಮರದ ಕೆಳಗೆ ತಣಕಲು ಮುದ್ದೆ. ಕೆಲವು ಕಡೆ ಸೆರಗಿಗೋ ಟವೆಲ್ಲಿಗೋ ಒಂದು ಸೇರು ರಾಗಿ. ಕೆಲವು ಕಡೆ ಅದೂ ಇಲ್ಲ. ಅಲ್ಲಿಂದ ತಿರುಗಿ ಅಷ್ಟೇ ದೂರ ನಡೆದು ಬಂದು ಗುಂಡಿ ತೋಡಬೇಕು. ತಮಟೆ ಬಡಿಯಬೇಕು.

ಇದು ಬಂಡೂರಿನ ಸುತ್ತಿನ ಮಾತು ಮಾತ್ರ ಅಲ್ಲ. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಕೂತು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ 'ಹಳೆಮಗ' ಎಂಬ ಸಂಬಂಧವನ್ನು ದಾಖಲಿಸಿದ್ದಾರೆ. ಕೇರಿಯ ಒಂದು ಮನೆ, ಊರಿನ ಒಂದು ಮನೆಗೆ ತಲೆಮಾರಿನಿಂದ ತಲೆಮಾರಿಗೆ ಅಂಟಿಕೊಂಡ ಆಳು. ಮದುವೆಗೂ ಬೇಕು, ಸಾವಿಗೂ ಬೇಕು. 1954ರಲ್ಲಿ ಮಂಡ್ಯ ಜಿಲ್ಲೆಗೇ ಬಂದು ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಕೂಡ ಇಂಥ ವಂಶಪಾರಂಪರ್ಯದ ಋಣವನ್ನು ಬರೆದಿದ್ದಾರೆ. ಹಳೆಮಗ! ಹೆಸರು ನೋಡಿ. ಮಗ ಎನ್ನುತ್ತಾರೆ, ಒಳಗೆ ಕರೆಯುವುದಿಲ್ಲ. ಮಗ ಎನ್ನುತ್ತಾರೆ, ಆಸ್ತಿಯಲ್ಲಿ ಪಾಲಿಲ್ಲ. ಅಪ್ಪ ಸತ್ತ ಸುದ್ದಿಯನ್ನು ಹೊರುವುದಕ್ಕೆ ಮಾತ್ರ ಮಗ.

ಅಂಬೇಡ್ಕರ್ ಇದನ್ನು ಇನ್ನೂ ನೇರವಾಗಿ ಹಿಡಿದರು. ಅಸ್ಪೃಶ್ಯರ ಮೇಲೆ ಹಳ್ಳಿ ಹೇರಿದ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಹಿಂದೂ ಮನೆಯ ಸಾವು ಮದುವೆಗಳ ಸುದ್ದಿಯನ್ನು ಎಷ್ಟೇ ದೂರದ ಊರಾದರೂ ಬಂಧುಗಳಿಗೆ ಮುಟ್ಟಿಸಬೇಕಾದದ್ದು ಅಸ್ಪೃಶ್ಯರೇ ಎಂಬುದನ್ನು ಅವರು ಸೇರಿಸಿದ್ದಾರೆ. ಅವರ ಅನುಭವದ ಮಹಾರರೂ ನಮ್ಮ ಹೊಲೆಯರೂ ಒಂದೇ ದಾರಿಯಲ್ಲಿ ನಡೆದವರು. 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಅವರು ಮಹಾರ್ ವತನದ ವಿರುದ್ಧ ಮಸೂದೆ ತಂದರು. 1874ರ ವತನ ಕಾನೂನು ತಿದ್ದಬೇಕು, ಇಪ್ಪತ್ತನಾಲ್ಕು ಗಂಟೆ ದುಡಿಸಿ ಪುಡಿಗಾಸಿನ ಜಮೀನು ತೋರಿಸುವುದು ನಿಲ್ಲಬೇಕು ಎಂಬುದು ಅವರ ಜಗಳ. ಆ ಕಾನೂನು ಆಗ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ಬಿಜಾಪುರದ ಕನ್ನಡ ಹೊಲೆಯರ ಕುತ್ತಿಗೆಯ ಮೇಲೂ ಇತ್ತು. ಕಾಲಿಗೆ ಕಟ್ಟಿದ ಹಗ್ಗವನ್ನೇ ಇನಾಂ ಎಂದು ಕರೆದರೆ ಹಗ್ಗ ಬಿಚ್ಚುವುದಕ್ಕೂ ಭಯವಾಗುತ್ತದೆ. ಬಾಬಾಸಾಹೇಬರು ಮೊದಲು ಬಿಚ್ಚಿದ್ದು ಆ ಭಯವನ್ನು.

ಇಲ್ಲಿ ಕಾನೂನಿನ ಒಂದು ತಮಾಷೆ ಹೇಳಬೇಕು. ಕಂಪನಿ ಸರ್ಕಾರ 1837ರಲ್ಲಿ ತನ್ನ ಆಳ್ವಿಕೆಯ ಸೀಮೆಗಳಲ್ಲಿ ಅಂಚೆಯನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಖಾಸಗಿಯವರು ದುಡ್ಡು ತೆಗೆದುಕೊಂಡು ಕಾಗದ ಒಯ್ಯುವಂತಿಲ್ಲ. 1898ರ ಅಂಚೆ ಕಾಯಿದೆಯೂ ಅದನ್ನೇ ಹೇಳಿತು. ಜೊತೆಗೆ ಕೆಲವು ವಿನಾಯಿತಿ ಕೊಟ್ಟಿತು. ದಾರಿಯಲ್ಲಿ ಹೋಗುವ ಸ್ನೇಹಿತನೊಬ್ಬ ಕೂಲಿಯಿಲ್ಲದೆ, ಪ್ರತಿಫಲವಿಲ್ಲದೆ, ಯಾವ ಲಾಭವೂ ಇಲ್ಲದೆ ಒಯ್ದು ಕೊಡುವ ಕಾಗದ ತಪ್ಪಲ್ಲ. ಮನೆಯ ಸ್ವಂತ ವಿಷಯದ ಕಾಗದವನ್ನು ಅದಕ್ಕೆಂದೇ ಆಳು ಕಳಿಸಿ ಮುಟ್ಟಿಸಿದರೂ ತಪ್ಪಲ್ಲ. ಗೆಳೆಯರೇ, ಈ ಎರಡು ಮಾತನ್ನು ಕೇರಿಯಲ್ಲಿ ನಿಂತು ಓದಿ ನೋಡಿ. ಕೂಲಿ ಪಡೆದು ಒಯ್ದವನು ಅಪರಾಧಿ. ಕೂಲಿಯಿಲ್ಲದೆ ಒಯ್ದವನು ಸ್ನೇಹಿತ! ಅಂಗಳಕ್ಕೆ ಬರಬಾರದ, ಬಾವಿ ಮುಟ್ಟಬಾರದ ಸ್ನೇಹಿತ. ಸರ್ಕಾರ ತನ್ನ ಆದಾಯವನ್ನು ಕಾಯ್ದುಕೊಂಡಿತು. ಗೌಡ ತನ್ನ ಆಳನ್ನು ಕಾಯ್ದುಕೊಂಡ. ನಡೆದವನ ಕಾಲನ್ನು ಕಾಯುವ ಕಲಮು ಮಾತ್ರ ಆ ಕಾಯಿದೆಯಲ್ಲಿ ಇರಲಿಲ್ಲ.

ಖಾಸಗಿ ಅಂಚೆ, ದುರ್ಗಮ ಕಾಡು ಎಂದ ಕೂಡಲೇ ಓದಿದವರು ಅಮೆರಿಕದ ಪೋನಿ ಎಕ್ಸ್‌ಪ್ರೆಸ್ ಹೆಸರು ಹೇಳುತ್ತಾರೆ. ಮಿಸೌರಿಯ ಸೇಂಟ್ ಜೋಸೆಫ್ ಊರಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 3,000 ಕಿಲೋಮೀಟರು. ಕುದುರೆ ಬದಲಿಸುತ್ತ ಹುಡುಗರು ಹಗಲೂ ರಾತ್ರಿ ಟಪಾಲು ಒಯ್ದರು. 1860ರ ಏಪ್ರಿಲ್‌ನಲ್ಲಿ ಶುರುವಾದ ಆ ಕಂಪನಿ 1861ರ ಅಕ್ಟೋಬರಿನಲ್ಲಿ ತಂತಿ ಬಂದ ಕೂಡಲೇ ಮುಚ್ಚಿತು. ಹೆಚ್ಚೆಂದರೆ ಒಂದೂವರೆ ವರ್ಷ. ಅದರ ಮೇಲೆ ಬಂದ ಪುಸ್ತಕಗಳೆಷ್ಟು, ಸಿನಿಮಾಗಳೆಷ್ಟು! ಆ ದಾರಿ ಹಾದುಹೋದದ್ದು ಪೈಯೂಟ್ ಮೂಲನಿವಾಸಿಗಳ ನೆಲದ ಮೇಲೆ. 1860ರಲ್ಲೇ ಅವರಿಗೂ ಬಿಳಿಯರಿಗೂ ಯುದ್ಧವಾಗಿ ಅಂಚೆಯ ಕಟ್ಟೆಗಳು ಉರಿದವು. ಸಿನಿಮಾದಲ್ಲಿ ಸವಾರ ವೀರ, ನೆಲ ಕಳೆದುಕೊಂಡವನು ಕಾಡುಪಾಪ. ಒಂದೂವರೆ ವರ್ಷ ಸಂಬಳಕ್ಕೆ ಕುದುರೆ ಓಡಿಸಿದವನಿಗೆ ಅಷ್ಟು ಕೀರ್ತಿಯಾದರೆ, ನೂರಾರು ವರ್ಷ ಬರಿಗಾಲಲ್ಲಿ ಬಿಟ್ಟಿ ನಡೆದವನಿಗೆ ಏನು? ನಮಗೆ ಸಿನಿಮಾ ಬೇಡ. ಬಾಕಿಯಿರುವ ಲೆಕ್ಕ ಸಾಕು.

ಮುಂದೆ ಹಳ್ಳಿಗೂ ಅಂಚೆ ಬಂತು. ಕಾಲಾಣೆಯ ಪೋಸ್ಟ್ ಕಾರ್ಡು 1879ರಲ್ಲೇ ಶುರುವಾಗಿತ್ತು. ಆದರೆ ಅದು ಕೇರಿಗೆ ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಸುವವನಿಗೆ ಬೇರೆ ಜೀವನಾಧಾರ ಇರಬೇಕು, ಕಚೇರಿಗೆ ಜಾಗ ಅವನೇ ಕೊಡಬೇಕು ಎಂಬುದು ಇಲಾಖೆಯ ನಿಯಮ. ಜಾಗ ಯಾರಿಗಿತ್ತು? ಜಗಲಿ ಯಾರಿಗಿತ್ತು? ಹಾಗಾಗಿ ಭಾರತ ಸರ್ಕಾರದ ಅಂಚೆ ಎಷ್ಟೋ ಊರುಗಳಲ್ಲಿ ಪಟೇಲರ ಜಗಲಿಯ ಮೇಲೆ, ಅವರ ನಂಟರ ಪಡಸಾಲೆಯಲ್ಲಿ ಕೂತುಬಿಟ್ಟಿತು. ಕೆಂಪು ಡಬ್ಬಿಯನ್ನೂ ಅಲ್ಲೇ ನೇತುಹಾಕಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ತೊಲಗಿತು ಎಂದಿತ್ತು. ಆದರೆ ಡಬ್ಬಿಗೆ ಕಾಗದ ಹಾಕಬೇಕಾದರೆ ಜಗಲಿ ಹತ್ತಬೇಕು. ನಾವು ಚಿಕ್ಕವರಾಗಿದ್ದಾಗ ಕಾರ್ಡನ್ನು ಜಗಲಿಯ ಅಂಚಿಗೆ ಇಟ್ಟು, "ಬುದ್ಧೀ, ಒಸಿ ಹಾಕ್ಬುಡಿ" ಎಂದು ಕಾಯುತ್ತಿದ್ದೆವು. ಅವರಿಗೆ ಬಿಡುವಾದಾಗ ಹಾಕುತ್ತಿದ್ದರು. ಹಾಕುವ ಮೊದಲು ಓದುತ್ತಿದ್ದರು. ಚಿಕ್ಕದೇವರಾಜನ ಗುಪ್ತಚಾರಿಕೆ ಮುನ್ನೂರು ವರ್ಷವಾದರೂ ಸತ್ತಿರಲಿಲ್ಲ.

ಬಂದ ಕಾಗದವೂ ಅಷ್ಟೇ. ಅಂಚೆಯವನು ಕೇರಿಗೆ ಕಾಲಿಡುತ್ತಿರಲಿಲ್ಲ. ಊರಬಾಗಿಲಲ್ಲಿ ನಿಂತು ಕೂಗುತ್ತಿದ್ದ, ನಮ್ಮ ಹುಡುಗರು ಓಡಿಹೋಗಿ ನೆಲದ ಮೇಲೆ ಎಸೆದದ್ದನ್ನು ಆಯ್ದುಕೊಳ್ಳಬೇಕಾಗಿತ್ತು. ಬೆಂಗಳೂರಿಗೆ ಕೂಲಿಗೆ ಹೋದ ಅಣ್ಣನ ಮನಿಯಾರ್ಡರು ಯಾವ ದಿನ ಬಂತು, ಯಾವ ದಿನ ಕೊಟ್ಟರು, ಎಷ್ಟು ಕೊಟ್ಟರು ಎಂಬುದು ಹೆಬ್ಬೆಟ್ಟಿಗೂ ದೇವರಿಗೂ ಗೊತ್ತು. ಎಲ್ಲರ ಸುದ್ದಿಯನ್ನೂ ಮನೆಬಾಗಿಲಿಗೆ ಮುಟ್ಟಿಸಿದ ಕೇರಿಗೆ ತನ್ನ ಸುದ್ದಿ ಮನೆಬಾಗಿಲಿಗೆ ಬರಲಿಲ್ಲ.

ಆ ಕಾಲದಲ್ಲಿ ಸಾವಿನ ಸುದ್ದಿ ತಂದ ಕಾರ್ಡನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಹೊರಗೇ ನಿಂತು ಓದಿ, ಹರಿದು ಬಿಸಾಕುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಮಗೆ ತಾತಂದಿರ ನೆನಪಾಗುತ್ತಿತ್ತು. ಕಾರ್ಡಿಗಿಂತ ಮುಂಚೆ ಅಂಗಳದಾಚೆ ನಿಂತಿದ್ದವರು ಅವರೇ. ಅವರನ್ನು ಹರಿಯಲು ಆಗುತ್ತಿರಲಿಲ್ಲ, ಅಷ್ಟೇ.

1961ರಲ್ಲಿ ರಾಜ್ಯ ಸರ್ಕಾರ ಗ್ರಾಮಾಧಿಕಾರ ರದ್ದು ಕಾಯಿದೆ ಮಾಡಿತು. 1963ರಿಂದ ಅದು ಜಾರಿಗೆ ಬಂತು. ಪಟೇಲಗಿರಿ, ಶಾನುಭೋಗಿಕೆ, ತಳವಾರಿಕೆ, ತೋಟಿಕೆ ಎಲ್ಲ ಹೋದವು. ಕಾಗದದ ಮೇಲೆ ಹೋದವು. ಪಟೇಲಗಿರಿ ಹೋದ ಪಟೇಲರಿಗೆ ಗದ್ದೆ ಉಳಿಯಿತು, ಊರಿನ ಮಾತು ಉಳಿಯಿತು. ತೋಟಿಕೆ ಹೋದ ತೋಟಿಗೆ ಇನಾಂ ಜಮೀನು ಮರುಮಂಜೂರಾಗಬೇಕಾಗಿತ್ತು. ಕಚೇರಿಯಿಂದ ಕಚೇರಿಗೆ ನಡೆದದ್ದೇ ಬಂತು. ಸಿಕ್ಕಿದ ಜಮೀನೂ ಎಷ್ಟೋ ಕಡೆ ಸಾಲಕ್ಕೆ, ಸಾರಾಯಿಗೆ, ಹೆಬ್ಬೆಟ್ಟಿಗೆ ಹೋಯಿತು. ತೋಟಿಯ ಮಗ ಗ್ರಾಮ ಸಹಾಯಕನಾಗಿ ಗೌರವಧನಕ್ಕೆ ನೋಟೀಸು ಹಂಚುತ್ತ ಓಡಾಡಿದ. ಸಾವಿನ ಸುದ್ದಿಯಂತೂ ಯಾವ ಕಾಯಿದೆಗೂ ಸಿಗಲಿಲ್ಲ. ಅದು ಗ್ರಾಮಾಧಿಕಾರವಲ್ಲ, 'ಪದ್ಧತಿ'.

ಪದ್ಧತಿಯನ್ನು ಮುರಿದದ್ದು ನಮ್ಮ ಹುಡುಗರು. ಬಿ. ಕೃಷ್ಣಪ್ಪನವರು, ಅವರ ಗೆಳೆಯರು 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಗಳಿಗೆ ಬಂದಾಗ ನೀಲಿ ಬಾವುಟದ ಜೊತೆ ಒಂದು ಮಾತೂ ಬಂತು. ಬಿಟ್ಟಿ ಚಾಕರಿ ಬಿಡಿ, ತಮಟೆ ಬಿಡಿ, ಸತ್ತ ದನ ಹೊರುವುದು ಬಿಡಿ. ಈ ಸೀಮೆಯ ಒಂದು ಊರಿನಲ್ಲಿ, ಹೆಸರು ಬೇಡ, 1980ರ ದಶಕದಲ್ಲಿ ಕೇರಿಯ ಹುಡುಗರು ಮಾರಮ್ಮನ ಗುಡಿ ಮುಂದೆ ಕೂತು ಸಾವಿನ ಸುದ್ದಿ ಒಯ್ಯುವುದಿಲ್ಲ ಎಂದು ತೀರ್ಮಾನ ಮಾಡಿದರು. ಅವತ್ತು ನಾವೂ ಅಲ್ಲಿ ಇದ್ದೆವು. ವಿರೋಧ ಮೊದಲು ಬಂದದ್ದು ಊರಿನಿಂದಲ್ಲ, ಕೇರಿಯ ಮುದುಕರಿಂದ.

"ಸತ್ತೋರ ಮ್ಯಾಲೆ ಯಾತರ ಹಟ ಮಗಾ? ಸತ್ತೋರ್ಗೆ ಜಾತಿ ಅದ್ದಾ?" ಎಂದ ಒಬ್ಬ ತಾತ.

"ಸತ್ತೋರ್ಗೆ ಇಲ್ಲ ತಾತ. ಸುದ್ದಿ ಹೊರೋರ್ಗೆ ಅದೆ" ಎಂದ ಒಬ್ಬ ಹುಡುಗ.

"ನಾವು ಹೋಗ್ದಿದ್ರೆ ಅವ್ರ ಮಗಳು ಅಪ್ಪನ ಮುಖ ನೋಡಕ್ಕಿಲ್ವಲ್ಲೋ."

"ನಮ್ಮವ್ವ ಸತ್ತಾಗ ಅವ್ರ ಮನೆಯಿಂದ ಯಾರು ಹೋದ್ರು ತಾತ, ನಮ್ಮಕ್ಕಂಗೆ ಹೇಳೋಕೆ?"

ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಗ್ಲಿ ಬುಡು, ನನ್ ಕಾಲೂ ಸೋತೋಗದೆ" ಎಂದ. ಆ ತಾತನ ಮಾತನ್ನು ನಾವು ಹಗುರ ಮಾಡುವುದಿಲ್ಲ. ಅವನಲ್ಲಿ ಗುಲಾಮಗಿರಿ ಮಾತ್ರ ಇರಲಿಲ್ಲ, ಮನುಷ್ಯತ್ವವೂ ಇತ್ತು. ಅಪ್ಪನ ಮುಖ ನೋಡದೆ ಹೋಗುವ ಮಗಳ ಸಂಕಟ ಅವನಿಗೆ ಗೊತ್ತಿತ್ತು. ಅವನ ಆ ಕರುಣೆಯನ್ನೇ ಊರು ಬಿಟ್ಟಿಯಾಗಿ ದುಡಿಸಿಕೊಂಡಿತು. ಜಾತಿಯ ಹಿಕಮತ್ತೇ ಅದು. ನಮ್ಮ ಒಳ್ಳೆಯತನಕ್ಕೆ ನೊಗ ಕಟ್ಟುತ್ತದೆ, ನೊಗ ಬಿಸಾಕಿದರೆ ನಿಮ್ಮಲ್ಲಿ ಒಳ್ಳೆಯತನವಿಲ್ಲ ಎನ್ನುತ್ತದೆ.

ತೀರ್ಮಾನವಾದ ತಿಂಗಳೊಳಗೆ ಊರಲ್ಲಿ ಒಂದು ಸಾವಾಯಿತು. ಕೇರಿಯಿಂದ ಯಾರೂ ಹೊರಡಲಿಲ್ಲ. ಮಾರನೆಯ ದಿನದಿಂದ ನಮ್ಮವರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನು ಇಲ್ಲ, ಗದ್ದೆಬದುವಿನ ಮೇಲೆ ದಾರಿ ಇಲ್ಲ, ದನಕ್ಕೆ ಹುಲ್ಲಿಲ್ಲ. ಹೆಂಗಸರು ಉಪ್ಪು, ಸೀಮೆಎಣ್ಣೆಗೆ ಪಕ್ಕದೂರಿಗೆ ನಡೆದರು. ಆ ಬಹಿಷ್ಕಾರವನ್ನು ಹೊತ್ತದ್ದು ಹೆಚ್ಚಾಗಿ ಅವರೇ. ಭಾಷಣ ಮಾಡಿದ್ದು ನಾವು, ಹಸಿದ ಮಕ್ಕಳನ್ನು ಮಲಗಿಸಿದ್ದು ಅವರು. ಆ ದಿನಗಳಲ್ಲಿ ನಮ್ಮ ಕೈಹಿಡಿದದ್ದು ಅದೇ ಪೋಸ್ಟ್ ಕಾರ್ಡು. ಜಗಲಿಯ ಡಬ್ಬಿಗೆ ಹಾಕದೆ ಮಳವಳ್ಳಿಗೇ ನಡೆದು ಹೋಗಿ ಹಾಕಿದ ಕಾರ್ಡುಗಳು ಜಿಲ್ಲಾಧಿಕಾರಿಗೆ ಹೋದವು, ಸಮಿತಿಗೆ ಹೋದವು, ಸಣ್ಣ ಪತ್ರಿಕೆಗಳಿಗೆ ಹೋದವು. ಮೊದಲ ಸಲ ಕೇರಿ ತನ್ನ ಸುದ್ದಿಯನ್ನು ತಾನೇ ಬರೆದು ತಾನೇ ಒಯ್ದಿತ್ತು. ತಹಸೀಲ್ದಾರರು ಬಂದರು, ರಾಜಿ ಸಭೆ ನಡೆಯಿತು. ಆಮೇಲೆ ಆ ಊರಿನಲ್ಲಿ ಸಾವಾದರೆ ಸತ್ತವರ ಮನೆಯವರೇ ಸೈಕಲ್ಲು ತುಳಿದರು. ಮೊದಲ ಸಲ ತುಳಿದವನು ಹಲಗೂರು ಎಷ್ಟು ದೂರ ಎಂದು ಅವತ್ತೇ ತಿಳಿದುಕೊಂಡನಂತೆ.

ಈಗ ಟೆಲಿಗ್ರಾಮೂ ಇಲ್ಲ. 2013ರ ಜುಲೈನಲ್ಲಿ ಅದು ನಿಂತಿತು. ಫೋನು ಬಂದಿದೆ. ಸಾವಿನ ಸುದ್ದಿ ಫೋಟೋ ಸಮೇತ ಅರೆಕ್ಷಣದಲ್ಲಿ ದುಬೈಗೂ ಮುಟ್ಟುತ್ತದೆ. 2023ರ ಹೊಸ ಅಂಚೆ ಕಾಯಿದೆ 1898ರ ಕಾಯಿದೆಯನ್ನು ತೆಗೆದುಹಾಕಿತು, ಕಾಗದ ಒಯ್ಯುವ ಸರ್ಕಾರದ ಏಕಸ್ವಾಮ್ಯವೂ ಅದರ ಜೊತೆ ಹೋಯಿತು. ಮೀಸಲಾತಿಯಿಂದ ನಮ್ಮ ಹೆಣ್ಣುಮಕ್ಕಳೂ ಗ್ರಾಮೀಣ ಡಾಕ್ ಸೇವಕರಾಗಿ ಊರಿನ ಬೀದಿಯಲ್ಲಿ ಟಪಾಲು ಹಂಚುತ್ತಿದ್ದಾರೆ. ಅದನ್ನು ನೋಡುವಾಗ ಎದೆ ತುಂಬುತ್ತದೆ. ಹಾಗಾದರೆ ಎಲ್ಲ ಮುಗಿಯಿತೇ ಎಂದರೆ, ಇಲ್ಲ. ಬೆಂಗಳೂರಿನಲ್ಲಿ ಪಾರ್ಸಲು, ಊಟ ಹೊತ್ತು ಬೈಕಿನಲ್ಲಿ ಓಡುವ ಹುಡುಗರನ್ನು ಕೇಳಿ ನೋಡಿ. ಮಳೆಯಲ್ಲಿ ನೆನೆದು ಬಂದವನಿಗೆ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟೇ ಬೇರೆ. ಅವನು ಕಂಪನಿಯ ನೌಕರನಲ್ಲವಂತೆ, 'ಪಾಲುದಾರ'ನಂತೆ. ಗೌಡರು 'ಹಳೆಮಗ' ಎಂದರು, ಕಾಯಿದೆ 'ಸ್ನೇಹಿತ' ಎಂದಿತು, ಕಂಪನಿ 'ಪಾಲುದಾರ' ಎನ್ನುತ್ತದೆ. ಹೊತ್ತುಕೊಂಡು ಓಡುವವನಿಗೆ ಇಂಥ ಸಿಹಿಯಾದ ಹೆಸರು ಸಿಕ್ಕಾಗಲೆಲ್ಲ ಅವನ ಕೂಲಿಯನ್ನು ಎಣಿಸಿ ನೋಡಬೇಕು.

ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ, ಕಾಲೇಜಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳುತ್ತೇವೆ. ಸಾವಿನ ಸುದ್ದಿ ಹೊತ್ತು ನಡೆದ ಮುದುಕರು ಇನ್ನೂ ಕೇರಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಅವರ ಹತ್ತಿರ ಕೂತುಕೊಳ್ಳಿ. ಯಾವ ಊರಿಂದ ಯಾವ ಊರಿಗೆ ನಡೆದಿರಿ, ಯಾವ ಹೊಳೆ ದಾಟಿದಿರಿ, ಯಾವ ಮರದ ಕೆಳಗೆ ನಿಲ್ಲಿಸಿದರು, ಏನು ಕೊಟ್ಟರು, ಏನು ಕೊಡಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ಕಾದು ಕೂತ ಹೆಂಗಸರನ್ನೂ ಕೇಳಿ. ಆ ದಾರಿಗಳನ್ನು ಒಂದು ನಕ್ಷೆಯ ಮೇಲೆ ಎಳೆಯಿರಿ. ಮಂಡ್ಯ, ಮದ್ದೂರು, ಮಳವಳ್ಳಿಯ ಮೂರು ತಾಲ್ಲೂಕಿನ ದಾರಿ ಎಳೆದರೂ ಸಾಕು, ಮೈಸೂರು ಅಂಚೆಯ ನಕ್ಷೆಗಿಂತ ದಟ್ಟವಾಗಿರುತ್ತದೆ. ಅದನ್ನು ಸ್ಕೂಲಿನ ಗೋಡೆಗೆ, ರಾಜರ ಪಟದ ಪಕ್ಕದಲ್ಲೇ ಅಂಟಿಸಿ. ಮಕ್ಕಳು ಕೇಳುತ್ತಾರೆ, ಇವರಿಗೆ ಸಂಬಳ ಯಾರು ಕೊಟ್ಟರು ಎಂದು. ಏನು ಉತ್ತರ ಹೇಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.